ಆರು ಹೆಸರು, ಆಮೇಲೆ ಎಟ್ ಆಲ್

ಮನೇಲಿ ಒಬ್ರು ಡಾಕ್ಟರ್ ಓದ್ತಿದ್ರೆ ಎಲ್ಲರಿಗೂ ಅನುಕೂಲ. ಜ್ವರ ಬಂದ್ರೆ ಫೋನ್ ಮಾಡಬಹುದು. ಇಂಜಿನಿಯರಿಂಗ್ ಓದ್ತಿದ್ರೆ? ಪ್ರಿಂಟರ್ ಕೆಟ್ರೆ ಕರೀಬಹುದು. ನಮ್ಮ ಕುಟುಂಬದಲ್ಲಿ ನನ್ನ ಸ್ಥಾನ ಇಷ್ಟೇ. ದೊಡ್ಡಮ್ಮನ ಮಗಳು, ಅಂದ್ರೆ ನನ್ನ ಅಕ್ಕ, ಕಮ್ಯುನಿಟಿ ಮೆಡಿಸಿನ್‌ನಲ್ಲಿ ಎಂಡಿ ಮಾಡ್ತಿದ್ದಾಳೆ. ಮೂರನೇ ಸೆಮ್ ಪರೀಕ್ಷೆ ಮುಗಿಸಿ ನಾನು ಊರಿಗೆ ಹೋದ ಎರಡನೇ ದಿನ ಅವಳ ಫೋನ್ ಬಂತು. "ನಿಂಗೆ ವರ್ಡ್ ಎಲ್ಲ ಚೆನ್ನಾಗಿ ಬರತ್ತಲ್ಲ ಮಾರಾಯ್ತಿ, ಒಂದು ಸಣ್ಣ ಕೆಲಸ ಇದೆ. ರೆಫರೆನ್ಸ್ ಫಾರ್ಮ್ಯಾಟ್ ಮಾಡಿ ಕೊಡ್ತೀಯಾ? ಅಷ್ಟೇ."

ಆ 'ಅಷ್ಟೇ'ಗೆ ಒಂಬತ್ತು ದಿನ ಹಿಡೀತು. ನಮ್ಮಲ್ಲಿ ಎಲ್ಲರೂ ಇನ್ನೆರಡು ವರ್ಷದಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬರೆಯೋರೇ, ಕೊನೇ ರಾತ್ರಿ ರೆಫರೆನ್ಸ್ ಸೇರಿಸೋರೇ. ಹಾಗಾಗಿ ಆ ಒಂಬತ್ತು ದಿನದಲ್ಲಿ ಏನಾಯ್ತು ಅಂತ ಬರೀತಿದ್ದೀನಿ.

ಅಕ್ಕನ ಪೇಪರ್ ಇದ್ದಿದ್ದು ಮಂಗನ ಕಾಯಿಲೆ ಬಗ್ಗೆ. ಹಾಸ್ಟೆಲ್‌ನಲ್ಲಿ ಈ ಹೆಸರು ಹೇಳಿದ್ರೆ ನಗ್ತಾರೆ. ನಮ್ಮ ಕಡೆ ಯಾರೂ ನಗಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬೀಳ್ತಿದ್ವು, ಸುತ್ತಲಿನ ಹಳ್ಳಿ ಜನಕ್ಕೂ ಜ್ವರ ಬರ್ತಿತ್ತು. ಪುಣೆಯ ವೈರಸ್ ರಿಸರ್ಚ್ ಸೆಂಟರ್‌ನವರು ಬಂದು ಹುಡುಕಿದಾಗ ಹೊಸ ವೈರಸ್ಸೇ ಸಿಕ್ತು. ಅದಕ್ಕೇ ಇಂಗ್ಲಿಷ್‌ನಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ. ಹರಡೋದು ಉಣುಗಿನಿಂದ. 2018ರ ಕೊನೇಲಿ ಸಾಗರ ತಾಲೂಕಿನ ಅರಲಗೋಡು ಕಡೆ ಕಾಯಿಲೆ ಜೋರಾದಾಗ ನಾನಿನ್ನೂ ಮಿಡ್ಲ್ ಸ್ಕೂಲ್. ಮನೆ ಜಗಲೀಲಿ ಡಿಎಂಪಿ ಎಣ್ಣೆ ಬಾಟ್ಲಿ ಇರ್ತಿತ್ತು, ಕಾಡಿಗೆ ಹೋಗೋರು ಕೈಕಾಲಿಗೆ ಹಚ್ಕೊಂಡು ಹೋಗ್ತಿದ್ರು. ದೊಡ್ಡಪ್ಪ ಲಸಿಕೆ ಹಾಕಿಸ್ಕೊಂಡಿದ್ರು. "ಇಂಜೆಕ್ಷನ್ ಆಗಿದೆ, ನಂಗೇನಾಗಲ್ಲ" ಅಂತ ಸೊಪ್ಪಿಗೆ ಹೊರಡ್ತಿದ್ರು. ಅವರಿಗೇನೂ ಆಗಲಿಲ್ಲ ಅನ್ನಿ. ಈಗ ಆ ಲಸಿಕೇನೇ ನಿಲ್ಲಿಸಿದ್ದಾರೆ. ಲಸಿಕೆ ಬಗ್ಗೆ ಜನ ಏನು ನಂಬಿದ್ರು, ಈಗ ಅದಿಲ್ಲದೆ ಏನು ಎಚ್ಚರಿಕೆ ತಗೋತಾರೆ ಅಂತ ಅಕ್ಕ ಕೆಲವು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿ ಬರೆದಿದ್ಲು. ಚೆನ್ನಾಗಿತ್ತು ಪೇಪರ್. ನಂಗೇ ಅರ್ಥ ಆಯ್ತು ಅಂದ್ರೆ ನೋಡಿ.

ಆದ್ರೆ ಜರ್ನಲ್‌ನಲ್ಲಿ ಅದನ್ನ ಯಾವ ಡಾಕ್ಟರೂ ಓದಿರಲಿಲ್ಲ. ಅವರ ಆಫೀಸಿನಿಂದಲೇ ವಾಪಸ್ ಬಂದಿತ್ತು. ಕಾರಣ ಒಂದೇ ಸಾಲು: ರೆಫರೆನ್ಸ್‌ಗಳು ವ್ಯಾಂಕೂವರ್ ಶೈಲಿಯಲ್ಲಿಲ್ಲ, ಹದಿನೈದು ದಿನದೊಳಗೆ ಸರಿ ಮಾಡಿ ಕಳಿಸಿ. ಒಟ್ಟು 38 ರೆಫರೆನ್ಸ್. ಅಕ್ಕನಿಗೆ ಡ್ಯೂಟಿ ಬೆಳಗ್ಗೆಯಿಂದ ಸಂಜೆವರೆಗೆ. ಫೈನಲ್ ಪರೀಕ್ಷೆಗೆ ಮುಂಚೆ ಒಂದು ಪೇಪರ್ ಆದ್ರೂ ಒಪ್ಪಿಗೆ ಆಗಿರಬೇಕು ಅಂತ ಅವಳ ಗೈಡ್ ಬೇರೆ ಕೂತಿದ್ರು.

ವ್ಯಾಂಕೂವರ್ ಅಂದ್ರೆ ಕೆನಡಾದ ಊರೇ. 1978ರಲ್ಲಿ ಕೆಲವು ಮೆಡಿಕಲ್ ಜರ್ನಲ್‌ಗಳ ಸಂಪಾದಕರು ಅಲ್ಲಿ ಸೇರಿ, ನಮ್ಮ ಜರ್ನಲ್‌ಗಳಿಗೆ ಬರೋ ಲೇಖನಗಳು ಹೇಗಿರಬೇಕು ಅಂತ ಒಂದೇ ನಿಯಮ ಮಾಡ್ಕೊಂಡ್ರು. ಮಾರನೇ ವರ್ಷ ಅದು ಅಚ್ಚಾಯ್ತು. ರೆಫರೆನ್ಸ್ ಬರೆಯೋ ಕ್ರಮವನ್ನ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಮಾಡಿ ಕೊಟ್ಟಿತ್ತು. ಆಗ ಟೈಪ್‌ರೈಟರ್ ಕಾಲ. ಒಂದು ಜರ್ನಲ್ ಬೇಡ ಅಂದ್ರೆ ಇನ್ನೊಂದಕ್ಕೆ ಕಳಿಸೋಕೆ ಕಾಮಾ, ಪೂರ್ಣವಿರಾಮ ಬದಲಾಯಿಸ್ಕೊಂಡು ಇಡೀ ಪಟ್ಟಿ ಮತ್ತೆ ಟೈಪ್ ಮಾಡಬೇಕು. ಎಲ್ಲರಿಗೂ ಒಂದೇ ಕ್ರಮ ಇದ್ರೆ ಎಷ್ಟು ಬೆರಳು ಉಳೀತು! ತಮಾಷೆ ಏನಂದ್ರೆ, ಇವತ್ತು ಎಲ್ಲ ಜರ್ನಲ್‌ಗಳೂ ನಮ್ಮದು ವ್ಯಾಂಕೂವರ್ ಅಂತಾವೆ, ಒಂದೊಂದೂ ಒಂದೊಂದು ಥರ ಇದೆ. ಒಬ್ಬರಿಗೆ ನಂಬರ್ ಬ್ರಾಕೆಟ್‌ನಲ್ಲಿ ಬೇಕು, ಇನ್ನೊಬ್ಬರಿಗೆ ಅಕ್ಷರದ ತಲೆ ಮೇಲೆ ಬೇಕು. ಒಬ್ಬರು ಸಂಚಿಕೆ ನಂಬರ್ ಹಾಕಿ ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ. ನಮ್ಮ ಕಡೆ ಪತ್ರೊಡೆ ಥರ. ಎಲ್ಲರ ಮನೇಲೂ ಮಾಡ್ತಾರೆ, ಇನ್ನೊಬ್ಬರ ಮನೇದು ಸರಿಯಿಲ್ಲ ಅಂತಾರೆ.

ನಮಗೆ ಗೊತ್ತಿರೋ ಐಟ್ರಿಪಲ್‌ಇ ಶೈಲಿಯಲ್ಲೂ ನಂಬರ್ರೇ ಇರೋದು, ಹಾಗಾಗಿ ಸುಲಭ ಅಂದ್ಕೊಂಡಿದ್ದೆ. ಐಟ್ರಿಪಲ್‌ಇಯಲ್ಲಿ ಇನಿಷಿಯಲ್ ಮುಂದೆ, ಚುಕ್ಕಿ ಸಮೇತ. ವ್ಯಾಂಕೂವರ್‌ನಲ್ಲಿ ಮನೆಹೆಸರು ಮೊದಲು, ಆಮೇಲೆ ಇನಿಷಿಯಲ್, ಚುಕ್ಕಿಯೇ ಇಲ್ಲ. ಶೀರ್ಷಿಕೆಗೆ ಉದ್ಧರಣ ಚಿಹ್ನೆ ಇಲ್ಲ. ಪುಟ 619ರಿಂದ 645ರವರೆಗೆ ಅಂದ್ರೆ 619-45 ಅಂತ ಬರೀಬೇಕು, ಆ ಎರಡನೇ ಆರುನೂರು ಓದುಗರೇ ಊಹಿಸ್ಕೋಬೇಕು. ಜರ್ನಲ್ ಹೆಸರನ್ನ ಮನಸ್ಸಿಗೆ ಬಂದ ಹಾಗೆ ಚಿಕ್ಕದು ಮಾಡೋ ಹಾಗಿಲ್ಲ. ಅದಕ್ಕೂ ಆ ಲೈಬ್ರರಿಯ ಕ್ಯಾಟಲಾಗ್ ನೋಡಬೇಕು. 'ಇಂಡಿಯನ್ ಜೆ ಮೆಡ್ ರೆಸ್' ಬೇರೆ ಜರ್ನಲ್, 'ಇಂಡಿಯನ್ ಜೆ ಮೆಡ್ ಸೈ' ಬೇರೆ ಜರ್ನಲ್. ಎರಡೂ ಅಕ್ಕನ ಪಟ್ಟಿಯಲ್ಲಿದ್ವು. ಲ್ಯಾನ್ಸೆಟ್, ವ್ಯಾಕ್ಸೀನ್ ಥರ ಒಂದೇ ಪದದ ಹೆಸರಿದ್ರೆ ಕತ್ತರಿಸೋ ಹಾಗೇ ಇಲ್ಲ.

ಇನ್ನು ಆರು ಹೆಸರಿನ ನಿಯಮ. ಆರು ಲೇಖಕರವರೆಗೆ ಎಲ್ಲರ ಹೆಸರೂ ಬರೀಬೇಕು. ಏಳು ಅಥವಾ ಅದಕ್ಕಿಂತ ಹೆಚ್ಚಿದ್ರೆ ಮೊದಲ ಆರು ಬರೆದು 'ಎಟ್ ಆಲ್' ಹಾಕಬೇಕು, ಅಂದ್ರೆ 'ಮತ್ತು ಇತರರು'. ಮಂಗನ ಕಾಯಿಲೆ ಬಗ್ಗೆ ಬಂದ ಮೊದಲ ಲೇಖನಗಳಲ್ಲಿ 1957ರದ್ದೊಂದಿದೆ. ಪಟ್ಟಿಯಲ್ಲಿ ಅದು ಶುರುವಾಗೋದು ಹೀಗೆ: ವರ್ಕ್ ಟಿಎಚ್, ಟ್ರಾಪಿಡೊ ಎಚ್, ಮೂರ್ತಿ ಡಿಪಿ, ರಾವ್ ಆರ್‌ಎಲ್, ಭಟ್ ಪಿಎನ್, ಕುಲಕರ್ಣಿ ಕೆಜಿ. ಸರಿಯಾಗಿ ಆರು. ಎಲ್ಲರೂ ಉಳ್ಕೊಂಡ್ರು. ಮೊದಲು 'ವರ್ಕ್' ಅಂತ ನೋಡಿ, ಇಲ್ಲೇನಾದ್ರೂ ಅರ್ಧ ವಾಕ್ಯ ಅಳಿಸಿಹೋಗಿದೆಯಾ ಅಂತ ಅಕ್ಕನ್ನ ಕೇಳಿದೆ. ಅದು ಮನುಷ್ಯನ ಹೆಸರೇ, ಟೆಲ್ಫರ್ಡ್ ವರ್ಕ್. ಆ ಕಾಯಿಲೆ ಕಂಡುಹಿಡಿದ ತಂಡದವರು. 2013ರದ್ದು ಲಸಿಕೆ ಬಗ್ಗೆ ಇನ್ನೊಂದು ಲೇಖನ ಇದೆ, ಕಸಬಿ ಜಿಎಸ್ ಮತ್ತು ಸಂಗಡಿಗರದ್ದು. ಅದರಲ್ಲಿ ಏಳು ಜನ. ಏಳನೆಯವರು 'ಎಟ್ ಆಲ್' ಒಳಗೆ ಹೋದ್ರು. ಒಬ್ಬರೇ ಒಬ್ಬರಿಗೆ 'ಮತ್ತು ಇತರರು' ಅನ್ನೋದು ನಂಗೆ ಸ್ವಲ್ಪ ಕ್ರೂರ ಅನ್ಸತ್ತೆ.

ಈ ಕೆಲಸ ಯಾರೂ ಕೈಯಲ್ಲಿ ಮಾಡಬಾರದು. ಝೊಟೆರೊ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಓಪನ್ ಸೋರ್ಸ್. ಲೇಖನಗಳನ್ನ ಅದರೊಳಗೆ ತುಂಬಿ, ವರ್ಡ್‌ನಲ್ಲಿ ಬರೀತಾ ಬೇಕಾದ ಕಡೆ ಸೇರಿಸ್ತಾ ಹೋದ್ರೆ ನಂಬರು, ಪಟ್ಟಿ ಎಲ್ಲ ಅದೇ ನೋಡ್ಕೊಳತ್ತೆ. ಲೇಟೆಕ್ಸ್ ಬಳಸೋರಿಗೆ ಬಿಬ್‌ಟೆಕ್ಸ್ ಇದ್ದ ಹಾಗೆ. ಪ್ರತಿ ಜರ್ನಲ್ ಶೈಲಿಗೂ ಅದರಲ್ಲಿ ಒಂದು ಸಿಎಸ್ಎಲ್ ಫೈಲ್ ಇರತ್ತೆ. ತೆರೆದು ನೋಡಿದ್ರೆ ಬರೀ ಎಕ್ಸ್‌ಎಂಎಲ್. ವ್ಯಾಂಕೂವರ್ ಫೈಲ್‌ನಲ್ಲಿ ಎಟ್-ಆಲ್-ಮಿನ್ 7, ಎಟ್-ಆಲ್-ಯೂಸ್-ಫಸ್ಟ್ 6 ಅಂತ ಇದೆ. ಸಂಪಾದಕರೆಲ್ಲ ಸೇರಿ ಮಾಡಿದ ನಿಯಮ ಕೊನೆಗೆ ಬಂದು ನಿಂತಿರೋದು ಎರಡು ಸಂಖ್ಯೆಯಲ್ಲಿ. ಇದನ್ನ ನೋಡಿ ನಂಗೆ ಆದ ಖುಷಿ ಅಕ್ಕನಿಗೆ ಆಗಲಿಲ್ಲ.

ಆದ್ರೆ ಝೊಟೆರೊಗೆ ಓದೋಕೆ ಬರಲ್ಲ. ಕೊಟ್ಟಿದ್ದನ್ನ ಜೋಡಿಸತ್ತೆ, ಅಷ್ಟೇ. ಕಸಬಿ ಅವರ ಲೇಖನ ಬಂದಿದ್ದು ಆನ್‌ಲೈನ್ ಜರ್ನಲ್‌ನಲ್ಲಿ. ಅಲ್ಲಿ ಪುಟಸಂಖ್ಯೆ ಇಲ್ಲ, ಲೇಖನಕ್ಕೊಂದು ನಂಬರ್ ಇರತ್ತೆ. ಇದರ ನಂಬರ್ ಇ2025. ಲೇಖನ 2013ರದ್ದು! ಅಕ್ಕನ ಫೈಲ್‌ನಲ್ಲಿ ಯಾರೋ ಆ 'ಇ' ತೆಗೆದು 2025 ಅಂತ ವರ್ಷ ಮಾಡಿಟ್ಟಿದ್ರು. ಅಚ್ಚಾಗಿದ್ರೆ ಹನ್ನೆರಡು ವರ್ಷ ಹಳೇ ಅಂಕಿ ಹೊಸಾ ಅಂಕಿ ಆಗ್ಬಿಡ್ತಿತ್ತು. ಊರ ಹೆಸರಿಂದೂ ಹಾಗೇ. ಪಟ್ಟಿಯಲ್ಲಿದ್ದ 1957ರ ಇನ್ನೊಂದು ವರದಿಯ ಶೀರ್ಷಿಕೆಯಲ್ಲಿ ನಮ್ಮ ಜಿಲ್ಲೆ ಇಂಗ್ಲಿಷ್‌ನಲ್ಲಿ 'ಶಿಮೋಗ' ಅಂತಿದೆ, ರಾಜ್ಯ 'ಮೈಸೂರ್' ಅಂತಿದೆ. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಶಿವಮೊಗ್ಗ ಅಂತ ಆಯ್ತಲ್ಲ, ಯಾರೋ ಉತ್ಸಾಹದಲ್ಲಿ ಇಡೀ ಫೈಲ್‌ಗೆ ಫೈಂಡ್ ಅಂಡ್ ರಿಪ್ಲೇಸ್ ಹೊಡೆದಿದ್ರು. ಲೇಖನದ ಒಳಗೆ ಅದು ಸರಿ. ಶೀರ್ಷಿಕೆಯಲ್ಲಿ ಮಾತ್ರ ಮುಟ್ಟೋ ಹಾಗಿಲ್ಲ. ಹುಡುಕೋರು ಹಳೇ ಹೆಸರಲ್ಲೇ ಹುಡುಕ್ತಾರೆ. ಊರಿನ ಹೆಸರು ಬದಲಾಯ್ತು ಅಂತ ಅಜ್ಜನ ಕಾಲದ ಪಹಣಿ ತಿದ್ದಕ್ಕಾಗತ್ತಾ?

ಇಷ್ಟೂ ಚಿಲ್ಲರೆ ಅನ್ಸಿದ್ರೆ ಅನ್ಸಲಿ. ನಂಗೂ ಮೂರನೇ ದಿನದವರೆಗೆ ಹಾಗೇ ಅನ್ಸಿತ್ತು. ನಾಲ್ಕನೇ ದಿನ ಸಿಕ್ಕಿದ್ದು ಚಿಲ್ಲರೆ ಅಲ್ಲ.

ವ್ಯಾಂಕೂವರ್‌ನಲ್ಲಿ ನಂಬರ್ ಕೊಡೋದು ಲೇಖನದಲ್ಲಿ ಮೊದಲ ಸಲ ಬರೋ ಕ್ರಮದಲ್ಲಿ. ಅಕ್ಕ ಎಲ್ಲ ನಂಬರನ್ನೂ ಕೈಯಲ್ಲೇ ಟೈಪ್ ಮಾಡಿದ್ಲು. ಪೇಪರ್ ಕಳಿಸೋ ವಾರದಲ್ಲಿ ಗೈಡ್ ಮುನ್ನುಡಿಗೆ ಒಂದು ಲೇಖನ ಸೇರಿಸು ಅಂದ್ರಂತೆ. ಅದು ನಾಲ್ಕನೇ ನಂಬರಿಗೆ ಬಂತು. ಪಟ್ಟಿಯಲ್ಲಿ ವರ್ಡ್ ತಾನೇ ನಂಬರ್ ಬದಲಾಯಿಸ್ತು, ಹಳೇ ನಾಲ್ಕು ಐದಾಯ್ತು, ಐದು ಆರಾಯ್ತು. ಆದ್ರೆ ಒಳಗಿನ ವಾಕ್ಯಗಳಲ್ಲಿ ಕೈಯಲ್ಲಿ ಹೊಡೆದ ನಂಬರ್‌ಗಳು ಇದ್ದಲ್ಲೇ ಇದ್ವು. ನಾವು ಇದಕ್ಕೆ ಆಫ್ ಬೈ ಒನ್ ಅಂತೀವಿ, ಲ್ಯಾಬ್‌ನಲ್ಲಿ ಬಂದ್ರೆ ಬೈಕೊಂಡು ಸರಿ ಮಾಡ್ತೀವಿ.

ಇಲ್ಲಿ ಏನಾಗಿತ್ತು ನೋಡಿ. ಲಸಿಕೆ ಬಗ್ಗೆ ಎರಡು ಮುಖ್ಯ ಲೇಖನ ಇವೆ. ಒಂದು 1994ರದ್ದು, ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ಮಾಡಿದ್ದು. ಅದರ ಪ್ರಕಾರ ಒಂದು ಡೋಸ್ ತಗೊಂಡೋರಿಗೆ ಶೇ. 79.3 ರಕ್ಷಣೆ, ಎರಡು ಡೋಸ್ ತಗೊಂಡೋರಿಗೆ ಶೇ. 93.5. ಎರಡನೇದು ಕಸಬಿ ಅವರದ್ದು, 2005ರಿಂದ 2010ರವರೆಗಿನ ಲೆಕ್ಕ. ಅದರ ಪ್ರಕಾರ ಎರಡು ಡೋಸ್‌ಗೆ ಶೇ. 62.4, ಅದರ ಮೇಲೆ ಬೂಸ್ಟರ್ ಕೂಡ ತಗೊಂಡ್ರೆ ಶೇ. 82.9. ಎರಡೂ ಕರ್ನಾಟಕದ್ದೇ, ಎರಡಕ್ಕೂ ಮಧ್ಯೆ ಹದಿನೈದಿಪ್ಪತ್ತು ವರ್ಷ. ಅಕ್ಕನ ಇಡೀ ಪೇಪರ್ ನಿಂತಿರೋದೇ ಈ ಅಂತರದ ಮೇಲೆ. ಜನ ತೊಂಬತ್ತಮೂರರ ಧೈರ್ಯದಲ್ಲಿ ಕಾಡಿಗೆ ಹೋಗ್ತಿದ್ರು, ಇದ್ದಿದ್ದು ಬಹುಶಃ ಅರವತ್ತೆರಡು ಅನ್ನೋ ಮಾತು.

ನಂಬರ್ ಒಂದು ಜಾರಿದ್ದರಿಂದ ಅವಳ ವಾಕ್ಯದಲ್ಲಿ 93.5ರ ಪಕ್ಕ ಇದ್ದ 11 ಈಗ ಕಸಬಿ ಅವರ ಲೇಖನ ತೋರಿಸ್ತಿತ್ತು. 62.4ರ ಪಕ್ಕ ಇದ್ದ 10 ಉಣುಗುಗಳ ಬಗ್ಗೆ ಬರೆದ ಒಂದು ಲೇಖನಕ್ಕೆ ಹೋಗ್ತಿತ್ತು. ಅದರಲ್ಲಿ ಲಸಿಕೆಯ ಮಾತೇ ಇಲ್ಲ. ಅಂದ್ರೆ 93.5 ಅಂತ ಬರೆದು, ಸಾಕ್ಷಿಗೆ 62.4 ಅಂತ ಹೇಳಿದವರನ್ನೇ ಕರೆದ ಹಾಗಾಯ್ತು. ಕಾಮಾ ಎಲ್ಲ ಸರಿ ಮಾಡಿ, ನಂಬರನ್ನ ಬ್ರಾಕೆಟ್‌ನಿಂದ ತಲೆ ಮೇಲೆ ಏರಿಸಿ ನಾನು ವಾಪಸ್ ಕಳಿಸಿದ್ರೆ, ಫಾರ್ಮ್ಯಾಟ್ ಸೊಗಸಾಗಿದೆ ಅಂತ ಜರ್ನಲ್ ಒಪ್ಕೊಳ್ತಿತ್ತು. ಮುಂದೆ ಒಬ್ಬ ರಿವ್ಯೂವರ್ ಆ ಲೇಖನ ತೆರೆದು ನೋಡಿದ್ರೆ ಅಕ್ಕ ಸುಳ್ಳಿ. ಯಾರೂ ತೆರೆದು ನೋಡದೇ ಹೋಗಿದ್ರೆ ಇನ್ನೂ ಕಷ್ಟ, ಅದನ್ನೇ ನೋಡಿ ಇನ್ಯಾರೋ ಬರೀತಿದ್ರು.

ರಾತ್ರಿ ಹತ್ತೂವರೆಗೆ ಫೋನ್ ಮಾಡಿ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ್ಲು, "ಹಂಗಾದ್ರೆ ಮೂವತ್ತೆಂಟೂ ತೆರೆದು ನೋಡ್ಬೇಕು ಕಣೇ. ಬೇರೆ ದಾರಿ ಇಲ್ಲ."

ಹಾಗೇ ಮಾಡಿದ್ವಿ. ಸಂಜೆ ಏಳಕ್ಕೆ ವಿಡಿಯೋ ಕಾಲ್. ನಾನು ಅವಳ ವಾಕ್ಯ ಓದೋದು, ಅವಳು ಲೇಖನ ತೆರೆದು ಅದು ಅಲ್ಲಿದೆಯಾ ಅಂತ ಹುಡುಕೋದು. ಇದ್ರೆ ಹಸಿರು, ಇಲ್ದಿದ್ರೆ ಕೆಂಪು. ಕೆಲವು ಬೇಗ ಆದ್ವು. ಕೆಲವಕ್ಕೆ ಅರ್ಧರ್ಧ ಗಂಟೆ. ಹಳೇ ಲೇಖನಗಳಿಗೆ ಪಿಡಿಎಫ್ ಇಲ್ಲ, ಡಿಒಐ ಇಲ್ಲ, ಅಕ್ಕ ಲೈಬ್ರರಿಯಿಂದ ಜೆರಾಕ್ಸ್ ತರಿಸಿದ್ಲು. ವರ್ಷಕ್ಕೆ ಇಷ್ಟು ಜನಕ್ಕೆ ಕಾಯಿಲೆ ಬರತ್ತೆ ಅನ್ನೋ ಒಂದು ವಾಕ್ಯದ ಜಾಡು ಹಿಡಿದು ಹೋದ್ರೆ, ಅವಳು ಹೆಸರಿಸಿದ ಲೇಖನ ಇನ್ನೊಂದನ್ನ ತೋರಿಸ್ತು, ಅದು ಮತ್ತೊಂದನ್ನ. ಮೂರನೇದ್ರಲ್ಲಿ ಬರೀ ವಾಕ್ಯ ಇತ್ತು, ನಂಬರ್ ಇರಲಿಲ್ಲ. ಅಕ್ಕ ಆ ವಾಕ್ಯ ಕಿತ್ತುಹಾಕಿ, ಆರೋಗ್ಯ ಇಲಾಖೆಯ ವರ್ಷವಾರು ಲೆಕ್ಕ ಹಾಕಿದ್ಲು.

ಈ ಥರ ಓದದೇ ಹೆಸರಿಸೋರು ಎಷ್ಟು ಜನ ಅಂತ ಲೆಕ್ಕ ಹಾಕಿದ ಇಬ್ಬರಿದ್ದಾರೆ, ಸಿಮ್ಕಿನ್ ಮತ್ತು ರಾಯ್‌ಚೌಧುರಿ ಅಂತ. ಇಬ್ಬರೂ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಲಾಸ್ ಏಂಜಲೀಸ್ ಕ್ಯಾಂಪಸ್ಸಿನ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ವಿಭಾಗದವರು. ನಮ್ಮವರೇ ಅನ್ನಿ. ಅವರು ಭೌತಶಾಸ್ತ್ರದ ಒಂದು ಪ್ರಸಿದ್ಧ ಲೇಖನ ತಗೊಂಡ್ರು. ಅದನ್ನ ಸುಮಾರು 4300 ಸಲ ಬೇರೆಯವರು ಹೆಸರಿಸಿದ್ರು. ಅದರಲ್ಲಿ 196 ಕಡೆ ಪುಟಸಂಖ್ಯೆಯೋ ಇನ್ನೇನೋ ತಪ್ಪಾಗಿತ್ತು. ಆದ್ರೆ ಬೇರೆಬೇರೆ ತಪ್ಪು ಇದ್ದಿದ್ದು 45 ಮಾತ್ರ. ಒಂದೇ ತಪ್ಪು ಪುಟಸಂಖ್ಯೆ 78 ಸಲ ಬಂದಿತ್ತು! ಲ್ಯಾಬ್ ರೆಕಾರ್ಡ್ ಬರೆಯೋರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಸರಿ ಉತ್ತರ ಎಲ್ಲರದ್ದೂ ಒಂದೇ ಇರತ್ತೆ, ಅದರಿಂದ ಏನೂ ಗೊತ್ತಾಗಲ್ಲ. ಎಪ್ಪತ್ತೆಂಟು ಜನರ ತಪ್ಪು ಒಂದೇ ಇದ್ರೆ ಯಾರೋ ಯಾರದ್ದೋ ನೋಡಿ ಬರೆದಿದ್ದಾರೆ ಅಂತ ಮೇಡಂಗೂ ಗೊತ್ತಾಗತ್ತೆ. 45 ಭಾಗಿಸು 196, ಶೇ. 23. ಈ ಥರದ ಲೆಕ್ಕದಿಂದ, ಹೆಸರಿಸೋರಲ್ಲಿ ಮೂಲ ಓದಿರೋರು ಐವರಲ್ಲಿ ಒಬ್ಬರಷ್ಟೇ ಅನ್ನೋ ಅಂದಾಜಿಗೆ ಅವರು ಬಂದ್ರು. ಅವರ ಲೇಖನದ ಹೆಸರೇ 'ಹೆಸರಿಸೋ ಮುಂಚೆ ಓದಿ' ಅಂತ. ಅದನ್ನ ಎಷ್ಟು ಜನ ಓದದೇ ಹೆಸರಿಸಿದ್ದಾರೋ ಏನೋ. (ನಾನು ಓದಿದ್ದೀನಿ. ಚಿಕ್ಕದಿದೆ.)

ಏಳನೇ ದಿನ 29ನೇ ರೆಫರೆನ್ಸ್ ಬಂತು. ಶೀರ್ಷಿಕೆ ಚೆನ್ನಾಗಿತ್ತು, ನಮಗೆ ಬೇಕಾದ ವಿಷಯಾನೇ. ಜರ್ನಲ್ ನಿಜವಾದ್ದು. ಸಂಪುಟ ಇದೆ, ವರ್ಷ ಸರಿ ಇದೆ. ಆ ಪುಟ ತೆರೆದ್ರೆ ಅಲ್ಲಿ ಸಕ್ಕರೆ ಕಾಯಿಲೆ ಬಗ್ಗೆ ಯಾರದ್ದೋ ಲೇಖನ. ಪಬ್‌ಮೆಡ್‌ನಲ್ಲಿ ಹುಡುಕಿದ್ವಿ, ಜರ್ನಲ್‌ನ ವೆಬ್‌ಸೈಟಲ್ಲೇ ಹುಡುಕಿದ್ವಿ. ಅಂಥ ಲೇಖನವೇ ಇಲ್ಲ. ಆ ಪ್ಯಾರಾ ಬರೆದಿದ್ದು ಅಕ್ಕನ ಜೊತೆಗಾರ, ಪೇಪರ್‌ನ ಎರಡನೇ ಲೇಖಕ. ಫೋನ್ ಮಾಡಿ ಕೇಳಿದ್ರೆ ಮೊದಲು ಜಾರಿಕೊಂಡ, ಆಮೇಲೆ ಒಂದು ಚಾಟ್‌ಬಾಟ್‌ಗೆ ಕೇಳಿದ್ದೆ ಅಂದ. ಇದು ನಮಗೆಲ್ಲ ಗೊತ್ತಿರೋದೇ. ಮುಂದಿನ ಪದ ಯಾವುದು ಬಂದ್ರೆ ಚೆನ್ನಾಗಿ ಕಾಣತ್ತೆ ಅಂತ ಊಹಿಸ್ತಾ ಹೋಗೋ ಯಂತ್ರಕ್ಕೆ ರೆಫರೆನ್ಸ್ ಅಂದ್ರೆ ತುಂಬ ಸುಲಭದ ಆಕಾರ. ಹೆಸರು, ಇನಿಷಿಯಲ್, ವರ್ಷ, ಸೆಮಿಕೋಲನ್, ಸಂಪುಟ, ಕೋಲನ್, ಪುಟ. ಫಾರ್ಮ್ಯಾಟ್ ಒಂದಿಷ್ಟೂ ತಪ್ಪಿರಲಿಲ್ಲ. 38ರಲ್ಲಿ ಮೊದಲಿಂದಲೂ ಸರಿಯಾದ ವ್ಯಾಂಕೂವರ್ ಶೈಲಿಯಲ್ಲಿದ್ದಿದ್ದು ಅದೊಂದೇ!

ಅವತ್ತು ಅಕ್ಕನಿಗೂ ಅವನಿಗೂ ಜಗಳ ಆಯ್ತು. ಅವನ ವಾದ: ವಾಕ್ಯ ಸರಿಯಾಗೇ ಇದೆಯಲ್ಲ, ಎಲ್ಲರಿಗೂ ಗೊತ್ತಿರೋ ವಿಷಯ, ಒಂದು ಬೇರೆ ರೆಫರೆನ್ಸ್ ಹುಡುಕಿ ಹಾಕಿದ್ರಾಯ್ತು. ಅಕ್ಕ ಅವನಿಗೆ ಹೇಳಿದ ಕಥೆ ನಂಗೂ ಗೊತ್ತಿರಲಿಲ್ಲ, ಆಮೇಲೆ ಹುಡುಕಿ ಓದಿದೆ. 1980ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪೋರ್ಟರ್ ಮತ್ತು ಜಿಕ್ ಅನ್ನೋ ಇಬ್ಬರ ಪುಟ್ಟ ಪತ್ರ ಅಚ್ಚಾಯ್ತು. ಲೇಖನ ಅಲ್ಲ, ಸಂಪಾದಕರಿಗೆ ಪತ್ರ. ಬರೀ ಐದು ವಾಕ್ಯ. ಆಸ್ಪತ್ರೆಯಲ್ಲಿ ಅಫೀಮು ಜಾತಿಯ ನೋವಿನ ಔಷಧಿ ತಗೊಂಡ 11,882 ರೋಗಿಗಳ ದಾಖಲೆ ನೋಡಿದ್ವಿ, ಚಟಕ್ಕೆ ಬಿದ್ದೋರು ನಾಲ್ಕೇ ಜನ ಅಂತ. ಅವರು ನೋಡಿದ್ದು ಆಸ್ಪತ್ರೆಯಲ್ಲಿ ಮಲಗಿದ್ದೋರನ್ನ ಮಾತ್ರ. ಆದ್ರೆ ಮುಂದಿನ ವರ್ಷಗಳಲ್ಲಿ ಅದನ್ನ ಹೆಸರಿಸಿದೋರು, ಈ ಮಾತ್ರೆ ಮನೆಗೆ ಕೊಟ್ಟು ಕಳಿಸಿದ್ರೂ ಚಟ ಹತ್ತೋದು ಅಪರೂಪ ಅನ್ನೋದಕ್ಕೆ ಅದನ್ನೇ ಸಾಕ್ಷಿ ಮಾಡ್ಕೊಂಡ್ರು. 2017ರಲ್ಲಿ ಕೆನಡಾದ ಸಂಶೋಧಕರು ಅದೇ ಜರ್ನಲ್‌ನಲ್ಲಿ ಲೆಕ್ಕ ಕೊಟ್ರು. ಒಟ್ಟು 608 ಸಲ ಆ ಪತ್ರವನ್ನ ಹೆಸರಿಸಿದ್ದಾರೆ. ಅದರಲ್ಲಿ 439 ಕಡೆ ಚಟ ಅಪರೂಪ ಅನ್ನೋದಕ್ಕೆ ಪುರಾವೆಯಾಗಿ. 491 ಕಡೆ, ಆ ರೋಗಿಗಳು ಆಸ್ಪತ್ರೆಯಲ್ಲಿದ್ದೋರು ಅನ್ನೋ ಒಂದು ಮಾತೇ ಇಲ್ಲ. ಅಮೆರಿಕದಲ್ಲಿ ಆ ಮಾತ್ರೆಗಳಿಂದ ಎಷ್ಟು ಜನ ಸತ್ರು ಅನ್ನೋದು ಬೇರೆ ಕಥೆ, ಅದಕ್ಕೆ ಇನ್ನೂ ಎಷ್ಟೋ ಕಾರಣ ಇವೆ. ಆದ್ರೆ ಆ 608 ರೆಫರೆನ್ಸ್‌ಗಳಲ್ಲೂ ಸಂಪುಟ 302, ಪುಟ 123 ಅಂತ ಬಹುಪಾಲು ಸರಿಯಾಗೇ ಇದ್ದಿರಬೇಕು. ವಿಳಾಸ ಸರಿ ಬರೆದಿದ್ರು, ಆ ಮನೆಗೆ ಹೋಗಿರಲಿಲ್ಲ.

ಪ್ಯಾರಾ ತೆಗೆದ್ರು. ಜೊತೆಗಾರ ಎರಡು ದಿನ ಕೂತು, ತಾನೇ ಓದಿದ ಎರಡು ಲೇಖನ ಇಟ್ಕೊಂಡು ಹೊಸದು ಬರೆದ. ಹಳೇದಕ್ಕಿಂತ ಚಿಕ್ಕದಾಗಿತ್ತು, ಧಾಟಿ ಸ್ವಲ್ಪ ಒರಟು. ನಂಗೆ ಇದೇ ಇಷ್ಟ ಆಯ್ತು.

ಈ ಲೇಖನ ಬರೀವಾಗ ರೆಫರೆನ್ಸ್‌ಗೆ ಕನ್ನಡದಲ್ಲಿ ಏನಂತಾರೆ ಅಂತ ಕ್ಲಬ್‌ನ ಸಂಪಾದಕರನ್ನ ಕೇಳಿದ್ದೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ನಂಗೆ 'ಉಲ್ಲೇಖ' ಅಂತ ಮಾತ್ರ ಗೊತ್ತಿತ್ತು, ಅದೂ ರಜಾ ಅರ್ಜಿಯಲ್ಲಿ ನೋಡಿದ್ದು. ಅವರು 'ಆಕರ' ಅಂದ್ರು, ಆಮೇಲೆ ಹಳೇ ಕನ್ನಡ ಪುಸ್ತಕಗಳ ಕೊನೇ ಪುಟ ತೋರಿಸಿದ್ರು. ಅಲ್ಲಿ 'ಗ್ರಂಥಋಣ' ಅಂತಿತ್ತು. ಯಾವ ಯಾವ ಪುಸ್ತಕದ ಸಾಲ ನನ್ನ ಮೇಲಿದೆ ಅಂತ. ಇಂಗ್ಲಿಷ್‌ನ ಬಿಬ್ಲಿಯೋಗ್ರಫಿಯಲ್ಲಿ ಈ ಸಾಲದ ಭಾವ ಇಲ್ಲವೇ ಇಲ್ಲ. ನಮ್ಮೂರ ಅಂಗಡಿಯ ಉದ್ರಿ ಪುಸ್ತಕದಲ್ಲೂ ಹೀಗೇ, ಹೆಸರು, ತಾರೀಕು, ಎಷ್ಟು ಅಂತ ಮೂರೂ ಬರೆದಿಟ್ಟಿರ್ತಾರೆ. ಒಂದು ತಪ್ಪಿದ್ರೂ ಸಾಲ ಬೇರೆಯವರ ತಲೆಗೆ ಹೋಗತ್ತೆ.

ಒಂಬತ್ತನೇ ದಿನ ಎಲ್ಲ ಮುಗೀತು. 38 ಹೋಗಿ 36 ಆಯ್ತು. ಎಲ್ಲವೂ ಝೊಟೆರೊದಲ್ಲಿ, ಎಲ್ಲವೂ ಹಸಿರು. ಅಕ್ಕ ಜರ್ನಲ್‌ನ ಪುಟ ತೆರೆದು ಫೈಲ್ ಹಾಕಿದ್ಲು. ಅಲ್ಲಿ ಮತ್ತೊಂದು ಫಾರ್ಮ್: ಲೇಖಕರ ಫಸ್ಟ್ ನೇಮ್, ಲಾಸ್ಟ್ ನೇಮ್. ಲಾಸ್ಟ್ ನೇಮ್ ಖಾಲಿ ಬಿಟ್ರೆ ಮುಂದೆ ಹೋಗಲ್ಲ.

ಅಕ್ಕನಿಗೆ ಲಾಸ್ಟ್ ನೇಮ್ ಇಲ್ಲ. ನಮ್ಮಲ್ಲಿ ಎಷ್ಟೋ ಜನಕ್ಕಿಲ್ಲ. ಅವಳ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿಂದು, ಒಂದು ದೊಡ್ಡಪ್ಪಂದು. ಮಾರ್ಕ್ಸ್ ಕಾರ್ಡ್‌ನಲ್ಲಿ ಅವು ಹಿಂದೆ ಬಂದಿವೆ. ಹಿಂದಿನ ಅಕ್ಷರವನ್ನೇ ಲಾಸ್ಟ್ ನೇಮ್ ಅಂತ ಕೊಟ್ರೆ ವ್ಯಾಂಕೂವರ್‌ನಲ್ಲಿ ಅವಳು ಬರೀ ಅಕ್ಷರಗಳಾಗಿ ಉಳೀತಾಳೆ. ವಿಶ್ವೇಶ್ವರಯ್ಯನವರ ಹೆಸರನ್ನ ಈಗಿನ ಶಾಲೆ ರೀತಿ 'ವಿಶ್ವೇಶ್ವರಯ್ಯ ಎಂ' ಅಂತ ಆ ಫಾರ್ಮ್‌ಗೆ ತುಂಬಿದ್ರೆ ಜಗತ್ತಿನ ಪಟ್ಟಿಗಳಲ್ಲೆಲ್ಲ 'ಎಂ ವಿ' ಅಂತ ಬರ್ತಿದ್ರು. ಒಬ್ಬೊಬ್ಬರಿಗೂ ಹದಿನಾರಂಕಿಯ ಓರ್ಕಿಡ್ ನಂಬರ್ ಕೊಡೋದು ಇಂಥ ಗೊಂದಲಕ್ಕೇ. ಅಕ್ಕ ಅದನ್ನೂ ಮಾಡಿಸಿದ್ದಾಳೆ. ಆದ್ರೆ ಪಟ್ಟಿಯಲ್ಲಿ ಅಚ್ಚಾಗೋದು ಹೆಸರೇ ಹೊರತು ನಂಬರ್ ಅಲ್ಲವಲ್ಲ.

"ದೊಡ್ಡಪ್ಪನ ಹೆಸರು ಹಾಕಿದ್ರೆ ಬೇರೆಯವರ ಪೇಪರ್‌ನಲ್ಲಿ ಎಲ್ಲ ಕಡೆ ಅವರ ಹೆಸರೇ ಮೊದಲು ಬರತ್ತೆ ಕಣೇ. ಅವರಿಗೆ ಪೇಪರ್ ಅಂದ್ರೆ ಅಡಿಕೆ ರೇಟ್ ಬರೋ ಪೇಪರ್ರು." ಅಕ್ಕ ಪೆನ್ನು ಹಲ್ಲಲ್ಲಿ ಕಚ್ಚಿಕೊಂಡು ಯೋಚನೆ ಮಾಡ್ತಿದ್ಲು. ಊರಿನ ಹೆಸರು ಹಾಕೋಣ್ವಾ ಅಂದೆ. ಊರಿಗೆ ಐವತ್ತು ಮನೆ ಇಲ್ಲ. ಬಸ್ಸಿನ ಬೋರ್ಡಲ್ಲೂ ಅದರ ಹೆಸರಿಲ್ಲ. ಕಾಯಿಲೆ ಬಂದ ವರ್ಷ ಆರೋಗ್ಯ ಇಲಾಖೆಯವರ ಪಟ್ಟಿಯಲ್ಲಿ ಮಾತ್ರ ಇತ್ತು.

ಅವಳು ಕೊನೆಗೆ ತನ್ನ ಹೆಸರನ್ನೇ ಲಾಸ್ಟ್ ನೇಮ್ ಮಾಡಿ, ಊರನ್ನೂ ದೊಡ್ಡಪ್ಪನನ್ನೂ ಫಸ್ಟ್ ನೇಮ್‌ನ ಚೌಕದಲ್ಲಿ ಒಟ್ಟಿಗೆ ಕೂರಿಸಿ, ಸಬ್ಮಿಟ್ ಒತ್ತಿದ್ಲು. ಪೇಪರ್ ಈಗ ರಿವ್ಯೂವರ್ ಹತ್ರ ಇದೆ.